ಹಗಲು ದೀಪ ಕೀಳುವ ಮುನ್ನ: ಪಿಕಪ್ ಮಾಲೀಕರಿಗೆ ಯಶಸ್ಸಿನ ಸೂತ್ರಗಳು

ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಮೋಟೆಬೆನ್ನೂರು ಕ್ರಾಸಿನಿಂದ ಬ್ಯಾಡಗಿವರೆಗೆ ಪಿಕಪ್ಪುಗಳದೇ ಸಾಲು. ಸೋಮವಾರ, ಗುರುವಾರದ ಪೇಟೆಗೆ ಹಿಂದಿನ ರಾತ್ರಿಯೇ ಚೀಲ ಹೇರಿಕೊಂಡು ಬಂದು ನಿಲ್ಲುವ ಗಾಡಿಗಳು ಇವು. ರಾಣೆಬೆನ್ನೂರಿನ ಬೀಜದ ಗೋದಾಮು, ಹಾವೇರಿಯ ಸಂತೆ, ಹಾನಗಲ್ಲಿನ ಗದ್ದೆ ಎಲ್ಲಕ್ಕೂ ಇವೇ ಬೇಕು. ಸಾಲ ಮಾಡಿ ಪಿಕಪ್ ತಂದವನಿಗೆ ಒಂದು ದಿನ ಗಾಡಿ ನಿಂತರೆ ಕಂತಿಗೆ ಕುತ್ತು. ಆದ್ದರಿಂದ ಈ ಕಸುಬಿನಲ್ಲಿ ಯಶಸ್ಸು ಎಂದರೆ ಬೆಳಗ್ಗೆ ಹೋದ ಗಾಡಿ ಸಂಜೆ ಹೋದ ಹಾಗೇ ಮನೆಗೆ ಬರುವುದು.

ಆಟೋ ಎಲೆಕ್ಟ್ರಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: "ಮಿಸ್ತ್ರಿ, ಈ ಲೈಟ್ ಹಗಲೆಲ್ಲಾ ಉರಿತೈತ್ರಿ, ಬ್ಯಾಟರಿ ತಿಂತೈತಿ. ವೈರ್ ಕಡದ ಒಗದಬಿಡ್ರಿ." ಡಿಆರ್‌ಎಲ್ ಎಂದು ಕರೆಯುವ ಆ ಹಗಲು ದೀಪವನ್ನು ಕಡಿಯಲು ಅರ್ಧ ನಿಮಿಷ ಸಾಕು. ಕಡಿಸುವ ಮೊದಲು ಇಷ್ಟು ತಿಳಿದುಕೊಳ್ಳಿ.

1. ದೀಪ ಎಲ್ಲಿಂದ ಬಂತು, ನೋಡಿ.
ಕಂಪನಿಯಿಂದಲೇ ಬಂದ ಹಗಲು ದೀಪ ಬೇರೆ, ಅಂಗಡಿಯಲ್ಲಿ ಅಂಟಿಸಿಕೊಂಡ ಎಲ್‌ಇಡಿ ಪಟ್ಟಿ ಬೇರೆ. ಕೆಲವು ಗಾಡಿಗಳಲ್ಲಿ ಪಾರ್ಕ್ ಲೈಟೇ ಹಗಲು ದೀಪವಾಗಿಯೂ ಉರಿಯುತ್ತದೆ. ಹಗಲು ಪ್ರಖರ, ರಾತ್ರಿ ಮಂದ. ಅಂಥದ್ದನ್ನು ಕಡಿದರೆ ಪಾರ್ಕ್ ಲೈಟೂ ಹೋಯಿತು. ಗಾಡಿಯ ಜೊತೆ ಬಂದ ಪುಸ್ತಕ ಡ್ಯಾಶ್‌ಬೋರ್ಡಿನೊಳಗೆ ಧೂಳು ತಿನ್ನುತ್ತಿರುತ್ತದೆ. ಅದರಲ್ಲಿ ಫ್ಯೂಸಿನ ಪಟ್ಟಿ ಇದೆ, ತೆಗೆದು ನೋಡಿ.

2. ಬ್ಯಾಟರಿಯ ಲೆಕ್ಕ ಹಾಕಿ.
ಎಲ್‌ಇಡಿ ಹಗಲು ದೀಪ ಎರಡೂ ಸೇರಿ ಸಾಮಾನ್ಯವಾಗಿ 10ರಿಂದ 20 ವ್ಯಾಟ್ ಎಳೆಯುತ್ತವೆ. ಹ್ಯಾಲೊಜೆನ್ ಹೆಡ್‌ಲೈಟು ಡಿಮ್‌ನಲ್ಲಿ ಎರಡೂ ಸೇರಿ 110 ವ್ಯಾಟ್. ಎಂಜಿನ್ ಓಡುವಾಗ ಈ ಕರೆಂಟು ಕೊಡುವುದು ಆಲ್ಟರ್ನೇಟರ್, ಬ್ಯಾಟರಿಯಲ್ಲ. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಬೇರೆ ಕಡೆ ಹುಡುಕಿ. ಹೆಚ್ಚಿನ ಸಲ ಸಿಗುವ ಕಾರಣ, ಅಂಗಡಿಯವನು ಎಲ್‌ಇಡಿ ಪಟ್ಟಿಗೆ ನೇರ ಬ್ಯಾಟರಿಯಿಂದ ಲೈನ್ ಕೊಟ್ಟಿರುವುದು. ಕೀ ತೆಗೆದರೂ ಅದು ಆರುವುದಿಲ್ಲ. ಪೇಟೆಯ ಸಾಲಿನಲ್ಲಿ ಇಡೀ ರಾತ್ರಿ ನಿಂತ ಗಾಡಿಗೆ ಬೆಳಗ್ಗೆ ನಾಲ್ಕು ಜನ ಹೆಗಲು ಕೊಡಬೇಕಾಗುವುದು ಇದಕ್ಕೇ. ಆ ಲೈನನ್ನು ಇಗ್ನಿಷನ್‌ಗೆ ಬದಲಿಸಿದರೆ ಸಾಕು, ದೀಪ ಕೀಳಬೇಕಾಗಿಲ್ಲ.

3. ಅದು ಯಾರಿಗಾಗಿ ಉರಿಯುತ್ತಿದೆ ಎಂದು ಕೇಳಿಕೊಳ್ಳಿ.
ಹೆಡ್‌ಲೈಟು ನಮಗೆ ದಾರಿ ತೋರಿಸಲು. ಹಗಲು ದೀಪ ಎದುರಿನವನಿಗೆ ನಮ್ಮನ್ನು ತೋರಿಸಲು. ಸ್ವೀಡನ್ 1977ರಲ್ಲೇ ಹಗಲೂ ದೀಪ ಹಚ್ಚಿ ಓಡಿಸುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ಬೈಕುಗಳ ಹೆಡ್‌ಲೈಟು ಎಂಜಿನ್ ಜೊತೆಗೇ ಹತ್ತಬೇಕೆಂಬ ನಿಯಮ ಬಂತು. ಆಮೇಲೆ ಬಹಳ ದಿನ ಎದುರು ಬಂದವರೆಲ್ಲ ಬೆರಳು ಮಡಿಸಿ ಬಿಚ್ಚಿ "ಲೈಟ್ ಹತ್ತೈತಿ" ಎಂದು ಸನ್ನೆ ಮಾಡುತ್ತಿದ್ದರು.

ಮಾರ್ಚ್ ತಿಂಗಳ ಬ್ಯಾಡಗಿ ಬಿಸಿಲಲ್ಲಿ ಇದರ ಉಪಯೋಗ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆಷಾಢದ ಜಿಟಿಜಿಟಿ ಮಳೆಯಲ್ಲಿ ಹಾನಗಲ್ ರಸ್ತೆಗೆ ಬನ್ನಿ. ಮೋಡ, ರಸ್ತೆ, ಕೆಸರು ಮೆತ್ತಿದ ಗಾಡಿ ಎಲ್ಲ ಒಂದೇ ಬಣ್ಣ. ಎದುರಿನಿಂದ ಲಾರಿ ದಾಟಿ ಬರುವವನಿಗೆ ನಿಮ್ಮ ಪಿಕಪ್ ಕಾಣುವುದು ಆ ಎರಡು ಬಿಳಿ ಚುಕ್ಕಿಗಳಿಂದ ಮಾತ್ರ.

4. ಕಡಿಯಬೇಡಿ, ಕಳಚಿ.
ಬಲ್ಬು ಮಿನುಗುತ್ತಿದೆ, ಒಳಗೆ ನೀರು ಹೊಕ್ಕಿದೆ, ಪದೇ ಪದೇ ಫ್ಯೂಸ್ ಹಾರುತ್ತಿದೆ. ಇವು ದೀಪ ನಿಲ್ಲಿಸಲು ಸರಿಯಾದ ಕಾರಣಗಳೇ. ಆಗ ದೀಪದ ಹಿಂದಿನ ಸಾಕೆಟ್ ಕಳಚಿ, ನೀರು, ಧೂಳು ಹೋಗದಂತೆ ಬಾಯಿ ಕಟ್ಟಿ. ದುರಸ್ತಿ ಮುಗಿದ ದಿನ ಮತ್ತೆ ಕೂಡಿಸಬಹುದು. ಫ್ಯೂಸ್ ಕಿತ್ತು ನಿಲ್ಲಿಸುವುದಾದರೆ ಕೂಡಲೇ ಹಾರ್ನ್, ಮೀಟರ್, ಇಂಡಿಕೇಟರ್, ಬ್ರೇಕ್ ಲೈಟ್ ಎಲ್ಲವನ್ನೂ ಒಮ್ಮೆ ಒತ್ತಿ ನೋಡಿ. ಒಂದೇ ಫ್ಯೂಸಿಗೆ ಎರಡು ಮೂರು ಕೆಲಸ ಕಟ್ಟಿರುತ್ತಾರೆ.

5. ಬದಲಿಸುವುದಾದರೆ ರಿಲೇ ಹಾಕಿಸಿ.
ಮಿಸ್ತ್ರಿಗೆ ಹೀಗೆ ಹೇಳಿ: ಐದು ಪಿನ್ನಿನ 12 ವೋಲ್ಟ್ ರಿಲೇ. 30ನೇ ಪಿನ್ನಿಗೆ ಇಗ್ನಿಷನ್ ಲೈನ್, ನಡುವೆ 5 ಆಂಪ್ ಫ್ಯೂಸ್. 87ಎ ಪಿನ್ನಿನಿಂದ ಹಗಲು ದೀಪಕ್ಕೆ ಲೈನ್. 86ಕ್ಕೆ ಪಾರ್ಕ್ ಲೈಟಿನ ಲೈನ್, 85ಕ್ಕೆ ಅರ್ಥ್. ಕೀ ಹಾಕಿದಾಗ ದೀಪ ಹತ್ತುತ್ತದೆ, ಪಾರ್ಕ್ ಲೈಟ್ ಹಚ್ಚಿದ ಕೂಡಲೇ ತಾನಾಗಿ ಆರುತ್ತದೆ. ರಾತ್ರಿ ಎದುರಿನವನ ಕಣ್ಣು ಕುಕ್ಕುವುದಿಲ್ಲ, ಕೀ ತೆಗೆದ ಮೇಲೆ ಬ್ಯಾಟರಿ ಇಳಿಯುವುದಿಲ್ಲ. ಇದು ಅಂಗಡಿಯ ಎಲ್‌ಇಡಿ ಪಟ್ಟಿಗೆ ಹೇಳಿದ ಕ್ರಮ. ಕಂಪನಿಯ ದೀಪ ಕಂಪ್ಯೂಟರ್ ಪೆಟ್ಟಿಗೆಯಿಂದ ನಡೆಯುತ್ತಿದ್ದರೆ ಅದರ ವೈರಿಗೆ ಸೂಜಿ ಚುಚ್ಚಲೂ ಬಿಡಬೇಡಿ, ಕಂಪನಿಯ ಸರ್ವಿಸ್‌ಗೆ ಒಯ್ಯಿರಿ. ಜೋಡಣೆಗೆ ಬರೀ ಟೇಪ್ ಸಾಲದು. ಬೆಸುಗೆ ಹಾಕಿ ಸ್ಲೀವ್ ಏರಿಸಲು ಹೇಳಿ. ಮೆಣಸಿನ ಧೂಳು, ಮಳೆ, ಎಂಜಿನ್ ಕಾವು ಎಲ್ಲ ಸೇರಿ ಟೇಪು ಒಂದು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತದೆ.

6. ದೊಡ್ಡ ಬಲ್ಬಿನ ಆಸೆ ಬಿಡಿ.
ಹಗಲು ದೀಪ ಕೀಳಿಸಲು ಹೋದವರು ಅಲ್ಲೇ ಹೆಡ್‌ಲೈಟಿನ 60/55 ವ್ಯಾಟ್ ಬಲ್ಬು ತೆಗೆಸಿ 100/90 ಹಾಕಿಸಿಕೊಂಡು ಬರುತ್ತಾರೆ. 55 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 9 ಆಂಪ್ ಸಾಕು. 90 ವ್ಯಾಟಿನ ಎರಡಕ್ಕೆ 15 ಆಂಪ್ ಬೇಕು. ವೈರು ಹಳೆಯದೇ. ಫ್ಯೂಸ್ ಹಾರುತ್ತದೆ, ಹಾರಿದ್ದಕ್ಕೆ ದೊಡ್ಡ ಫ್ಯೂಸ್ ಅಥವಾ ತಾಮ್ರದ ಎಳೆ ಬೀಳುತ್ತದೆ, ಆಮೇಲೆ ವೈರೇ ಫ್ಯೂಸಾಗಿ ಸುಡುತ್ತದೆ. ಹಿಂದೆ ಒಣ ಮೆಣಸಿನಕಾಯಿ, ಅರಳೆ ಹೇರಿಕೊಂಡವರು ಈ ಪ್ರಯೋಗ ಮಾಡಲೇಬಾರದು. ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ಕರ್ನಾಟಕ ಪೊಲೀಸರು 2024ರ ಜುಲೈಯಿಂದ ವಿಶೇಷವಾಗಿ ಕೇಸು ಹಾಕತೊಡಗಿದ್ದೂ ನೆನಪಿರಲಿ.

7. ಬೆನ್ನ ಹಿಂದೆ ನೋಡಿ.
ಉಳಿದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಹಗಲು ದೀಪ ಇರುವ ಬಹಳಷ್ಟು ಗಾಡಿಗಳಲ್ಲಿ ಅದು ಹತ್ತಿದಾಗ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಸಂಜೆ ಮಬ್ಬಿನಲ್ಲಿ ಚಾಲಕನಿಗೆ ಮುಂದೆ ಬೆಳಕು ಕಾಣುತ್ತದೆ, ಮೀಟರೂ ಬೆಳಗಿರುತ್ತದೆ, ಲೈಟು ಹಚ್ಚಿದ್ದೇನೆ ಎಂದೇ ತಿಳಿದು ಓಡಿಸುತ್ತಾನೆ. ಹಿಂದಿನಿಂದ ನೋಡಿದರೆ ಅವನ ಗಾಡಿ ಕತ್ತಲಲ್ಲಿ ಕತ್ತಲೇ. ಹಗಲು ದೀಪದ ನಿಜವಾದ ದೋಷ ಇದೊಂದೇ, ಮತ್ತು ಇದು ಸಣ್ಣ ದೋಷವಲ್ಲ.

ನಮ್ಮ ಪಿಕಪ್ಪುಗಳಿಗೆ ಇನ್ನೊಂದು ರೋಗವಿದೆ. ಚೀಲ ಹೊರಚಾಚಿ ಹೇರಿ, ತಾಡಪತ್ರಿ ಇಳಿಬಿಟ್ಟು ಹಗ್ಗ ಬಿಗಿದರೆ ಹಿಂದಿನ ಎರಡೂ ದೀಪ ಅದರಡಿ ಮುಚ್ಚಿಹೋಗುತ್ತವೆ. ದೀಪ ಹತ್ತಿದೆ, ಕಾಣುವವರಿಲ್ಲ.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಹೆದ್ದಾರಿ ಬದಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಗುದ್ದಿತು. ದೇವರ ದರ್ಶನ ಮುಗಿಸಿ ಭದ್ರಾವತಿ ತಾಲ್ಲೂಕಿಗೆ ಮರಳುತ್ತಿದ್ದ 13 ಜನ ಸತ್ತರು. ನಾವು ದಿನಾ ಓಡಾಡುವ ರಸ್ತೆಯದು. ಹೆದ್ದಾರಿ ಬದಿ ನಿಲ್ಲಲೇಬೇಕಾದರೆ ನಾಲ್ಕೂ ಇಂಡಿಕೇಟರ್ ಹಚ್ಚಿ, ತ್ರಿಕೋನದ ಫಲಕವನ್ನು ಗಾಡಿಯಿಂದ ಸಾಕಷ್ಟು ದೂರ ಹಿಂದೆ ಇಡಿ. ಹೊಳೆಯುವ ಟೇಪು ಹಿಂದೆ ಕೆಂಪು, ಮುಂದೆ ಬಿಳಿ. ಕೆಸರಾದ ದಿನವೇ ಒರೆಸಿ.

8. ಕಾಗದ ಜೋಪಾನ.
ಗಾಡಿಯ ಮೂಲ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಅಕ್ರಮ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ 2019ರ ತಿದ್ದುಪಡಿ ತಂದಿದೆ. ಮುಂದೆ ಕೆಂಪು, ನೀಲಿ ಮಿನುಗು ಪಟ್ಟಿ ಬೇಡವೇ ಬೇಡ. ಕೆಎ-27 ಇರಲಿ, ಕೆಎ-68 ಇರಲಿ, ಸರಕು ಗಾಡಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿಗೆ ನಿಲ್ಲಲೇಬೇಕು. ಕಡಿದ ವೈರು, ಹತ್ತದ ದೀಪ ಅಲ್ಲಿ ಸಿಕ್ಕಿಬೀಳುತ್ತವೆ. ವಾರಂಟಿ ಇರುವ ಗಾಡಿಯ ವೈರಿಂಗ್ ಹೊರಗೆ ಮುಟ್ಟಿಸಿದರೆ ನಾಳೆ ಕಂಪನಿ ಕೈ ಎತ್ತಬಹುದು. ಮಿಸ್ತ್ರಿಯಿಂದ ಬಿಲ್ ಕೇಳಿ ಪಡೆಯಿರಿ.

9. ಸಂಜೆಯ ಒಂದು ಸುತ್ತು.
ಲೋಡ್ ಕಟ್ಟಿದ ಮೇಲೆ, ಕ್ಲೀನರ್ ಹುಡುಗ ಇದ್ದರೆ ಅವನನ್ನು ಹಿಂದೆ ನಿಲ್ಲಿಸಿ, ಪಾರ್ಕ್, ಬ್ರೇಕ್, ಎರಡು ಇಂಡಿಕೇಟರ್ ಒಂದೊಂದಾಗಿ ಹಚ್ಚಿ. ಒಬ್ಬರೇ ಇದ್ದರೆ ಯಾವುದಾದರೂ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ. ಕೆಂಪು ಬೆಳಕು ಗೋಡೆಯ ಮೇಲೆ ಬೀಳುವುದು ಕನ್ನಡಿಯಲ್ಲಿ ಕಾಣುತ್ತದೆ.

ಅಣ್ಣಾರ, ಇವತ್ತು ಸಂಜೆ ಪೇಟೆಯಿಂದ ಹೊರಡುವ ಮೊದಲು ಲೈಟಿನ ಸ್ವಿಚ್ ಒತ್ತಿ, ಕೆಳಗಿಳಿದು, ಗಾಡಿಯ ಹಿಂದೆ ಹೋಗಿ ಒಮ್ಮೆ ನೋಡಿ ಬರ್ರಿ.