ಮಾತನಾಡುವ ಬೊಂಬೆಯೂ ಮಾತು ಕಲಿಯುವ ಮಗುವೂ



ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದಿತೆಂದರೆ ಮನೆಯವರಿಗೆ ಹಗಲುರಾತ್ರಿಗಳ ಪರಿವೆ ಇರುವುದಿಲ್ಲ. ಬ್ಯಾರನ್ನಿನ ಉರಿ ನೋಡಬೇಕು, ಸೊಪ್ಪು ಕಟ್ಟಬೇಕು. ಕೃಷ್ಣರಾಜನಗರದಲ್ಲಿ ನಾಟಿಯ ಕಾಲವೂ, ಹೆಗ್ಗಡದೇವನಕೋಟೆಯಲ್ಲಿ ಹತ್ತಿ ಬಿಡಿಸುವ ಕಾಲವೂ ಹೀಗೆಯೇ. ಆಗ ಅಳುವ ಮಗುವಿನ ಕೈಗೆ ಮೊಬೈಲನ್ನೋ, ಗುಂಡಿ ಒತ್ತಿದರೆ ಎ, ಬಿ, ಸಿ ಹಾಡುವ ಬೊಂಬೆಯನ್ನೋ ಕೊಟ್ಟುಬಿಡುತ್ತೇವೆ. ಮಗು ಸುಮ್ಮನಾಗುತ್ತದೆ, ಕಲಿಯುತ್ತಲೂ ಇದೆಯೆಂದು ನಾವು ಸಮಾಧಾನಪಡುತ್ತೇವೆ. ಅದು ನಿಜವಾಗಿ ಕಲಿಯುತ್ತಿದೆಯೇ?

ಅಮೆರಿಕದ ಅನ್ನಾ ಸೋಸಾ ಎಂಬ ವಿದ್ವಾಂಸೆ 10ರಿಂದ 16 ತಿಂಗಳ 26 ಮಕ್ಕಳು ತಂದೆತಾಯಿಯರೊಡನೆ ಆಡುವುದನ್ನು ಪರೀಕ್ಷಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೀಪ ಬೆಳಗಿಸಿ ಹಾಡುವ ಆಟಿಕೆ ಎದುರಿಗಿದ್ದಾಗ ಹಿರಿಯರ ಮಾತು ಕಡಮೆಯಾಯಿತು. ಮಗುವಿಗೆ ಉತ್ತರ ಕೊಡುವುದೂ ಕಡಮೆಯಾಯಿತು. ಚಿತ್ರಪುಸ್ತಕ ಹಿಡಿದಾಗ ಹೆಚ್ಚು ಮಾತು ನಡೆಯಿತು.

ಇದಕ್ಕೆ ಕಾರಣವೇನು? ಮಗು "ಬೌ ಬೌ" ಎಂದರೆ ಅಜ್ಜಿ "ಹೌದು ಕಂದ, ನಾಯಿ ಬಂತು, ಕರೀ ನಾಯಿ" ಎನ್ನುತ್ತಾಳೆ. ಮಗುವಿನ ಒಂದು ಮಾತಿಗೆ ನಾಲ್ಕು ಮಾತು ಸೇರುತ್ತವೆ. ಬೊಂಬೆಯಾದರೋ ಮಗು ಏನೆಂದರೂ ತನ್ನ ಪಾಠವನ್ನೇ ಒಪ್ಪಿಸುತ್ತದೆ. ನಿಮ್ಮ ಮನೆಮಾತು ಕನ್ನಡವಾಗಲಿ, ಹಾಡಿಯ ಜೇನುಕುರುಬರ ಮಾತಾಗಲಿ, ಮಗುವಿಗೆ ಅದೇ ಮೊದಲ ಪಾಠಶಾಲೆ.

ಹಾಗೆಂದು ಈ ಆಟಿಕೆಗಳು ನಿರುಪಯೋಗಿಗಳಲ್ಲ. ಶಾಲೆಗೆ ಹೋಗುವ ಮಗು ಅಕ್ಷರ ತಿದ್ದಲು, ಲೆಕ್ಕ ಮಾಡಲು ಅವು ನೆರವಾಗುತ್ತವೆ. ತಪ್ಪನ್ನು ಕೂಡಲೇ ತೋರಿಸುತ್ತವೆ, ನೂರು ಸಲ ಹೇಳಿಕೊಟ್ಟರೂ ಬೇಸರಪಡುವುದಿಲ್ಲ. ಆದರೆ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತು, "ಇದೇನು? ಹೀಗೇಕಾಯಿತು?" ಎಂದು ಕೇಳುತ್ತಿರಬೇಕು.

ನೆನಪಿಡಬೇಕಾದ ವಿಷಯಗಳು:

1. ಎರಡು ವರ್ಷದೊಳಗಿನ ಮಗುವಿಗೆ ಮೊಬೈಲು, ಟಿ.ವಿ. ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂಡದು. ಇದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆ.

2. ಆಟಿಕೆ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿರಿ. 2021ರ ಜನವರಿ 1ರಿಂದ ಇದು ಕಡ್ಡಾಯವಾಗಿದೆ.

3. ಗುಂಡಿಯಂತಹ ಚಿಕ್ಕ ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇರಲೇಬೇಕು. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ವಾಂತಿ ಮಾಡಿಸಬೇಡಿರಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

4. ಅಟ್ಟದ ಮೇಲಿನ ಅಳಿಗುಳಿಮಣೆಯನ್ನು ಕೆಳಗಿಳಿಸಿರಿ. ಹದಿನಾಲ್ಕು ಗುಳಿ, ಒಂದು ಹಿಡಿ ಹುಣಸೆಬೀಜ. ಎಣಿಕೆ, ಮುಂದಾಲೋಚನೆ ಎರಡೂ ಅದರಲ್ಲಿವೆ. ಚೌಕಾಬಾರದಿಂದ ಸರದಿ ಕಾಯುವುದನ್ನೂ, ಸೋತಾಗ ಸಹಿಸುವುದನ್ನೂ ಮಗು ಕಲಿಯುತ್ತದೆ. ತೀರ ಚಿಕ್ಕ ಮಕ್ಕಳ ಕೈಗೆ ಮಾತ್ರ ಬೀಜ, ಕವಡೆ ಕೊಡಬಾರದು.

ಕೆಲಸದ ಕಾಲದಲ್ಲಿ ಏನು ಮಾಡಬೇಕೆಂದು ನೀವು ಕೇಳಬಹುದು. ಸೊಪ್ಪು ಕಟ್ಟುವ ಜಾಗ ಮಕ್ಕಳದಲ್ಲ. 3ರಿಂದ 6 ವರ್ಷದವರನ್ನು ಅಂಗನವಾಡಿಗೆ ತಪ್ಪದೆ ಕಳುಹಿಸಿರಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿಯೇ. ಇನ್ನೂ ಚಿಕ್ಕವರನ್ನು ಅಜ್ಜಿತಾತಂದಿರ ಬಳಿ ಬಿಡಿರಿ. ರಾತ್ರಿ ಉಣಿಸುವಾಗಲಾದರೂ ಮೊಬೈಲನ್ನು ಬದಿಗಿಟ್ಟು, ಆ ದಿನದ ಸಂಗತಿಯನ್ನು ಮಗುವಿಗೆ ಹೇಳಿರಿ, ಅದರ ಮಾತನ್ನೂ ಕೇಳಿರಿ. ಇದಕ್ಕೆ ಕಾಸು ಖರ್ಚಿಲ್ಲ. ಆದರೆ ಇದನ್ನು ಅಂಗಡಿಯಲ್ಲಿ ಕೊಳ್ಳಲೂ ಆಗುವುದಿಲ್ಲ.