ವೇಳೆ ಗೊತ್ತುಪಡಿಸಿದ್ದೀರಾ?

‘ಶೆಡ್ಯೂಲ್’ ಎಂಬ ಪದವನ್ನು ನಾವು ದಿನವೂ ಕೇಳುತ್ತೇವೆ. ಪರೀಕ್ಷೆಗೆ ಶೆಡ್ಯೂಲ್ ಇದೆ, ಬಸ್ಸಿಗೆ ಇದೆ, ಆಸ್ಪತ್ರೆಯ ಆಪರೇಷನ್ನಿಗೂ ಇದೆ. ಈ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದ್ದು, ಅಲ್ಲಿ ಅದಕ್ಕೆ ಚಿಕ್ಕ ಚೀಟಿ ಎಂದಷ್ಟೇ ಅರ್ಥ. ಕ್ರಮೇಣ ಬರೆದ ಪಟ್ಟಿಗೂ ಅದೇ ಹೆಸರಾಯಿತು. ಕನ್ನಡವೂ ಸೇರಿ 22 ಭಾಷೆಗಳ ಹೆಸರಿರುವ ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಇಂಗ್ಲಿಷಿನಲ್ಲಿ ಶೆಡ್ಯೂಲ್ ಎನ್ನುವುದು ಈ ಅರ್ಥದಲ್ಲೇ. ವೇಳಾಪಟ್ಟಿ ಎಂಬ ಅರ್ಥ ಆ ಬಳಿಕ ಬಂತು. ಹಾಗಾದರೆ ‘ಶೆಡ್ಯೂಲಿಂಗ್’ ಎಂದರೇನು? ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿದರೆ ಸಾಲದು. ಪ್ರತಿಯೊಂದಕ್ಕೂ ಮೊದಲೇ ವೇಳೆ ಗೊತ್ತುಪಡಿಸಬೇಕು.

ಪದ ಹೊರಗಿನದಾದರೂ ವಿಷಯ ನಮಗೆ ಹೊಸತಲ್ಲ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 103ನೆಯ ಸೂಕ್ತವು ನಮಾಝನ್ನು ಸಮಯ ನಿಶ್ಚಿತವಾದ ಕಡ್ಡಾಯ ಕರ್ತವ್ಯವೆಂದು ತಿಳಿಸುತ್ತದೆ. ಅಲ್ಲಿ ಬರುವ ‘ಮೌಕೂತ್’ ಎಂಬ ಪದವೂ ನಾವು ಮನೆಯಲ್ಲಿ ಆಡುವ ‘ವಕ್ತ್’ ಎಂಬ ಪದವೂ ಒಂದೇ ಧಾತುವಿನವು. ಈ ವೇಳೆಯನ್ನು ನಿರ್ಧರಿಸುವುದು ಗಡಿಯಾರವಲ್ಲ, ಸೂರ್ಯ. ಆದ್ದರಿಂದಲೇ ಬೆಂಗಳೂರಿಗಿಂತ ಮಂಗಳೂರಿನಲ್ಲಿ ಝುಹರ್‌ನ ವೇಳೆ ಸುಮಾರು 11 ನಿಮಿಷ ತಡವಾಗಿ ಆರಂಭವಾಗುತ್ತದೆ. ಇದನ್ನು ಲೆಕ್ಕ ಹಾಕಲು ಹಿಂದೆ ದೊಡ್ಡ ಮಸೀದಿಗಳಲ್ಲಿ ‘ಮುವಕ್ಕಿತ್’ ಎಂಬ ವಿದ್ವಾಂಸರಿದ್ದರು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಈ ಹುದ್ದೆಯಲ್ಲಿದ್ದ ಖಗೋಳ ವಿಜ್ಞಾನಿ ಇಬ್ನು ಶ್ಶಾತಿರ್ ಕ್ರಿ.ಶ. 1371-72ರಲ್ಲಿ ಆ ಮಸೀದಿಗಾಗಿ ದೊಡ್ಡದೊಂದು ನೆರಳು ಗಡಿಯಾರವನ್ನೇ ರಚಿಸಿದರು.

ಇನ್ನು ನಮ್ಮ ಮನೆಗಳತ್ತ ನೋಡೋಣ. ನಮಾಝಿನ ವೇಳಾಪಟ್ಟಿ ಗೋಡೆಯಲ್ಲಿ ತೂಗುತ್ತಿದೆ. ಉಳಿದ ಕರ್ತವ್ಯಗಳ ಗತಿಯೇನು? ಊರಲ್ಲಿರುವ ತಾಯಿಯನ್ನು “ಬಿಡುವಾದಾಗ” ನೋಡಿ ಬರುತ್ತೇವೆ. ಮಗುವಿನ ಪಾಠ “ನಾಳೆ”. ಪಡೆದ ಸಾಲದ ಮರುಪಾವತಿ “ಕೈಯಲ್ಲಿ ಹಣ ಓಡಾಡಿದಾಗ”. ಆ ಬಿಡುವು ಬರುವುದೇ ಇಲ್ಲ. ತಾಯಿ ಬಾಗಿಲು ನೋಡುತ್ತಲೇ ಇರುತ್ತಾರೆ.

ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮ ಯಾವುದೆಂದು ಇಬ್ನು ಮಸ್‌ಊದ್(ರ) ಕೇಳಿದಾಗ ಪ್ರವಾದಿವರ್ಯರು(ಸ) ಮೊದಲು ವೇಳೆಗೆ ಸರಿಯಾಗಿ ಮಾಡುವ ನಮಾಝನ್ನೂ ಅದರ ಬೆನ್ನಿಗೇ ಮಾತಾಪಿತರ ಸೇವೆಯನ್ನೂ ಹೆಸರಿಸಿದರು. ಸಾಲದ ವ್ಯವಹಾರದಲ್ಲಂತೂ ಅವಧಿ ಗೊತ್ತುಮಾಡಿದಾಗ ಅದನ್ನು ಬರೆದಿಡಬೇಕೆಂದು ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ ಆದೇಶಿಸುತ್ತದೆ. ಚೀಟಿಯೂ ಇದೆ, ವೇಳೆಯೂ ಇದೆ!

ಕೆಲವರು ವೇಳೆ ಹೇಳಲಿಚ್ಛಿಸದಾಗ “ಇನ್ ಶಾ ಅಲ್ಲಾಹ್” ಎಂದು ಜಾರಿಕೊಳ್ಳುವುದುಂಟು. ನಾಳೆ ಮಾಡಲಿರುವ ಕೆಲಸದ ಬಗ್ಗೆ ಹೀಗೆ ಹೇಳಲು ಅಲ್ ಕಹ್ಫ್ ಅಧ್ಯಾಯ ಕಲಿಸಿರುವುದು, ಯೋಜನೆ ನಮ್ಮದಾದರೂ ಅದರ ಈಡೇರಿಕೆ ಅಲ್ಲಾಹನ ಕೈಯಲ್ಲಿದೆ ಎಂಬ ಅರಿವಿಗಾಗಿ. ಸಬೂಬಿಗಾಗಿ ಅಲ್ಲ.

ಇಂದು ಇಶಾದ ಬಳಿಕ ಮನೆಯವರೆಲ್ಲ ಕೂಡಿ ಕುಳಿತು ಒಂದು ಚೀಟಿ ಬರೆಯಿರಿ. ಮೊದಲು ಐದು ವಕ್ತಿನ ನಮಾಝ್. ಉಳಿದವುಗಳನ್ನು ಅವುಗಳ ನಡುವೆ ಜೋಡಿಸಿರಿ. ಮಗ್ರಿಬ್‌ನ ನಂತರ ಮಗುವಿನ ಪಾಠ, ರಜಾದಿನ ತಾಯಿಯ ಭೇಟಿ, ತಿಂಗಳ 5ರಂದು ಸಾಲದ ಕಂತು. ಬೆಳಗಿನಿಂದ ರಾತ್ರಿಯ ತನಕ ದುಡಿಯುವ ಮನೆಯೊಡತಿಯ ವಿಶ್ರಾಂತಿಗೂ ಅದರಲ್ಲೊಂದು ಸಾಲು ಇರಲಿ.