ಕೋಸಂಬರಿ ನೀರು ಬಿಡುವುದೇಕೆ?

ನೆನೆದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆರಸ, ಉಪ್ಪು ಇವಿಷ್ಟು ಕೂಡಿದರೆ ಕೋಸಂಬರಿ. ರಾಮನವಮಿಯಂದು ಪಾನಕದೊಡನೆ ಹಂಚುವ ಈ ತಿನಿಸು ಕಲಸಿದೊಡನೆ ತಿಂದರೆ ಬಲು ರುಚಿ. ಅದನ್ನೇ ಬೆಳಿಗ್ಗೆ ಕಲಸಿ ಬುತ್ತಿಗೆ ಕಟ್ಟಿದ ವಿದ್ಯಾರ್ಥಿಗೆ ಮಧ್ಯಾಹ್ನ ದೊರೆಯುವುದು ಬೇರೆಯೇ ಪದಾರ್ಥ: ಡಬ್ಬಿಯ ತಳದಲ್ಲಿ ಉಪ್ಪುನೀರು, ಅದರಲ್ಲಿ ಮೆತ್ತಗಾದ ಸೌತೆಯ ಚೂರುಗಳು. ಯಾರೂ ಸುರಿಯದ ಈ ನೀರು ಎಲ್ಲಿಂದ ಬಂದಿತು?

ಸೌತೆಕಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ಈ ನೀರು ಅಸಂಖ್ಯ ಜೀವಕೋಶಗಳಲ್ಲಿ ತುಂಬಿಕೊಂಡು ಅವುಗಳ ಭಿತ್ತಿಗಳನ್ನು ಒಳಗಿನಿಂದ ಒತ್ತುತ್ತಿರುತ್ತದೆ. ಗಾಳಿ ತುಂಬಿದ ಚೆಂಡು ಬಿಗಿಯಾಗಿರುವಂತೆ, ಎಳೆಯ ಸೌತೆಕಾಯಿ ಗರಿಗರಿಯಾಗಿರುವುದು ಈ ಒತ್ತಡದಿಂದಲೇ. ಪ್ರತಿಯೊಂದು ಕೋಶದಲ್ಲಿಯೂ ಭಿತ್ತಿಗೆ ಅಂಟಿಕೊಂಡು ಒಂದು ತೆಳುವಾದ ಪೊರೆಯಿದೆ. ಅದು ನೀರನ್ನು ಸುಲಭವಾಗಿ ಹಾಯಗೊಡುತ್ತದೆ. ಉಪ್ಪು ಸಕ್ಕರೆಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಹೊರಗೆ ಉಪ್ಪು ಬಿದ್ದೊಡನೆ ಹೋಳಿನ ಒದ್ದೆಯಲ್ಲಿ ಅದು ಕರಗಿ, ಕೋಶರಸಕ್ಕಿಂತ ಸಾರಯುಕ್ತವಾದ ದ್ರಾವಣವಾಗುತ್ತದೆ. ಸಾರರಿಕ್ತ ದ್ರಾವಣದ ಕಡೆಯಿಂದ ಸಾರಯುಕ್ತ ದ್ರಾವಣದ ಕಡೆಗೆ ನೀರು ಪೊರೆಯ ಮೂಲಕ ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು.

ಫ್ರಾನ್ಸಿನ ನೊಲೆ ಎಂಬ ವಿಜ್ಞಾನಿ 1748ರಲ್ಲಿ, ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಪ್ರಾಣಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ನೀರು ಒಳಹೊಕ್ಕು ಪೊರೆ ಉಬ್ಬಿದುದನ್ನು ಕಂಡನು. ಸಾರರಿಕ್ತ ದ್ರಾವಣಗಳ ಅಭಿಸರಣ ಒತ್ತಡವು ಅನಿಲ ನಿಯಮವನ್ನೇ ಹೋಲುವ ಸೂತ್ರವನ್ನು ಅನುಸರಿಸುತ್ತದೆಂದು ವ್ಯಾಂಟ್ ಹಾಫ್ 1880ರ ದಶಕದಲ್ಲಿ ತೋರಿಸಿದನು. ರಸಾಯನವಿಜ್ಞಾನದ ಮೊದಲ ನೊಬೆಲ್ ಪಾರಿತೋಷಕ 1901ರಲ್ಲಿ ಆತನಿಗೆ ಸಂದಿತು.

ಆ ಸೂತ್ರದಿಂದ ಒಂದು ಲೆಕ್ಕ ಮಾಡೋಣ. 1 ಲೀಟರ್ ದ್ರಾವಣದಲ್ಲಿ 10 ಗ್ರಾಂ ಉಪ್ಪು ಇರಲಿ. ಅದು 0.17 ಮೋಲ್. ಉಪ್ಪಿನ ಪ್ರತಿ ಘಟಕವೂ ಎರಡು ಅಯಾನುಗಳಾಗಿ ಒಡೆಯುವುದರಿಂದ ಕಣಗಳ ಲೆಕ್ಕದಲ್ಲಿ 0.34 ಮೋಲ್. ಇದನ್ನು 0.082 ರಿಂದಲೂ, 300 ಕೆಲ್ವಿನ್ ಉಷ್ಣತೆಯಿಂದಲೂ ಗುಣಿಸಿದರೆ ಒತ್ತಡವು ವಾಯುಮಂಡಲದ ಒತ್ತಡದ ಸುಮಾರು 8 ಮಡಿ! 80 ಮೀಟರ್ ಎತ್ತರದ ನೀರಿನ ಕಂಬವು ತನ್ನ ಬುಡದಲ್ಲಿ ಹಾಕುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ. ಚಿಟಿಕೆ ಉಪ್ಪು ಸೌತೆಕಾಯಿಯನ್ನು ಬಾಡಿಸುವುದರಲ್ಲಿ ಆಶ್ಚರ್ಯವೇನಿದೆ? ಬಡಿಸುವ ಮುನ್ನವೇ ಉಪ್ಪು ಬೆರೆಸಬೇಕೆಂಬ ಮನೆಯ ಹಿರಿಯರ ಕಟ್ಟಳೆಗೆ ಆಧಾರ ಇದೇ.

ಬುತ್ತಿಯಲ್ಲಿ ಈ ಕಟ್ಟಳೆಯನ್ನು ಪಾಲಿಸುವ ಬಗೆ ಹೇಗೆ? ಅಗಲಬಾಯಿಯ, ಎತ್ತರವಾದ ಗಾಜಿನ ಭರಣಿಯೊಂದರಲ್ಲಿ ಪದರ ಪದರವಾಗಿ ತುಂಬುವುದೇ ಉಪಾಯ. ತಳದಲ್ಲಿ ನಿಂಬೆರಸ ಮತ್ತು ಉಪ್ಪು. ಅದರ ಮೇಲೆ ಮೂರು ಬೆರಳು ದಪ್ಪಕ್ಕೆ ಗಜ್ಜರಿಯ ದೊಡ್ಡ ಹೋಳುಗಳು. ಬಳಿಕ ನೀರು ಬಸಿದ ಬೇಳೆ, ಒರೆಸಿ ಹೆಚ್ಚಿದ ಸೌತೆ, ಎಲ್ಲಕ್ಕೂ ಮೇಲೆ ಕೊತ್ತಂಬರಿ ಸೊಪ್ಪು ಮತ್ತು ತೆಂಗಿನ ತುರಿ.

ಬೇಳೆಯನ್ನೇ ತಳಕ್ಕೆ ಹಾಕಿದರೆ ಆಗದೆ? ಆಗದು. ಕಾಳುಗಳ ನಡುವಣ ಕಿರಿದಾದ ಸಂದುಗಳು ಲೋಮನಾಳಗಳಂತೆ ವರ್ತಿಸಿ, ದೀಪದ ಬತ್ತಿ ಎಣ್ಣೆಯನ್ನೇರಿಸುವಂತೆ ಉಪ್ಪುನೀರನ್ನು ಮೇಲಕ್ಕೆಳೆಯುತ್ತವೆ. 1 ಮಿಲಿಮೀಟರ್ ತ್ರಿಜ್ಯದ ಶುದ್ಧ ಗಾಜಿನ ನಳಿಕೆಯಲ್ಲಿ ನೀರು ಸುಮಾರು 15 ಮಿಲಿಮೀಟರ್ ಏರುತ್ತದೆ. ತ್ರಿಜ್ಯ ಹತ್ತರಲ್ಲೊಂದಾದರೆ ಏರಿಕೆ ಹತ್ತುಮಡಿ. ದೊಡ್ಡ ಹೋಳುಗಳ ನಡುವಣ ಅಗಲವಾದ ಸಂದುಗಳಲ್ಲಿ ಈ ಏರಿಕೆ ಅತ್ಯಲ್ಪ. ಸೌತೆಯ ಹೋಳುಗಳೂ ದೊಡ್ಡವಾಗಿರಲಿ. 2 ಸೆಂಟಿಮೀಟರ್ ಅಂಚಿನ ಒಂದು ಘನವನ್ನು 1 ಸೆಂಟಿಮೀಟರ್ ಅಂಚಿನ ಎಂಟು ಘನಗಳಾಗಿ ಹೆಚ್ಚಿದರೆ ಮೇಲ್ಮೈ 24 ರಿಂದ 48 ಚದರ ಸೆಂಟಿಮೀಟರಿಗೆ ಏರುತ್ತದೆ. ನೀರು ಹೊರಬರಲು ಅಷ್ಟು ಹೆಚ್ಚು ಬಾಗಿಲು ತೆರೆದಂತಾಯಿತು. ಭರಣಿಯನ್ನು ನೆಟ್ಟಗೆ ಒಯ್ದು, ತಿನ್ನುವಾಗ ಅಗಲವಾದ ತಟ್ಟೆಗೆ ಬೋರಲು ಹಾಕಿ ಕಲಸಬೇಕು.

ಒಂದು ಎಚ್ಚರಿಕೆ ಅತ್ಯಗತ್ಯ. ಪದರಗಳು ನೀರನ್ನು ತಡೆಯಬಲ್ಲವು, ರೋಗಾಣುಗಳನ್ನು ತಡೆಯಲಾರವು. 5 ರಿಂದ 60 ಡಿಗ್ರಿ ಸೆಲ್ಷಿಯಸ್ ನಡುವೆ ಅವು ಶೀಘ್ರವಾಗಿ ವೃದ್ಧಿಯಾಗುತ್ತವೆ. ನೆನೆದ ಬೇಳೆ, ಹೆಚ್ಚಿದ ತರಕಾರಿಗಳನ್ನು 2 ಗಂಟೆಗಿಂತ ಹೆಚ್ಚು ಕಾಲ, ಕಡುಬೇಸಿಗೆಯಲ್ಲಿ 1 ಗಂಟೆಗಿಂತ ಹೆಚ್ಚು ಕಾಲ, ತಂಪಿಲ್ಲದೆ ಇಡಬಾರದು. ಮೊದಲೇ ತಣಿಸಿದ ಭರಣಿಯನ್ನು, ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳೊಡನೆ, ಶಾಖ ತಡೆಯುವ ಚೀಲದಲ್ಲಿ ಒಯ್ಯಬೇಕು. 1 ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಶಾಖವನ್ನು ಹೀರುವುದರಿಂದ ತಂಪು ಬಹುಕಾಲ ನಿಲ್ಲುತ್ತದೆ. ಈ ಅನುಕೂಲವಿಲ್ಲದವರು ಇಡಿಯ ಸೌತೆಕಾಯಿಯನ್ನೂ ಉಪ್ಪಿನ ಪೊಟ್ಟಣವನ್ನೂ ಒಯ್ದು, ತಿನ್ನುವಾಗಲೇ ಹೆಚ್ಚಿಕೊಳ್ಳುವುದು ಲೇಸು.

ಓದಿದುದನ್ನು ಪರೀಕ್ಷಿಸಿಯೇ ನಂಬಬೇಕು. ಎರಡು ಬಟ್ಟಲುಗಳಲ್ಲಿ ಒಂದೇ ಗಾತ್ರಕ್ಕೆ ಹೆಚ್ಚಿದ 50 ಗ್ರಾಂ ಸೌತೆಯ ಹೋಳುಗಳನ್ನಿಡಿ. ಒಂದಕ್ಕೆ ಮಾತ್ರ 1 ಗ್ರಾಂ ಉಪ್ಪು ಬೆರೆಸಿ. ಅರ್ಧ ಗಂಟೆಯ ಬಳಿಕ ಎರಡರ ನೀರನ್ನೂ ಬಸಿದು ಅಳೆಯಿರಿ. ಉಪ್ಪಿಗೆ ಬದಲು ಅಷ್ಟೇ ತೂಕದ ಸಕ್ಕರೆ ಹಾಕಿದರೆ ನೀರು ಹೆಚ್ಚು ಬರುವುದೋ ಕಡಿಮೆಯೋ? ಮೇಲಿನ ಸೂತ್ರದಿಂದ ಮೊದಲು ಊಹಿಸಿ, ಅನಂತರ ಅಳೆದು ನೋಡಿ.